ಬೆಟ್ಟದೂರಿಗೆ ಎರಡನೇ ಸಲ ಹೊರಟವರಿಗೆ

ಮೊದಲ ಸಲ ಫ್ರಾನ್ಸಿಗೆ ಹೋದಾಗ ನೀವು ಏನು ಮಾಡಿದಿರಿ ಅಂತ ನನಗೆ ಗೊತ್ತು. ಐಫೆಲ್ ಗೋಪುರದ ಕೆಳಗೆ ಫೋಟೋ, ಮೋನಾ ಲಿಸಾಳ ಮುಂದೆ ನೂಕುನುಗ್ಗಲು, ಆಮೇಲೆ ಯಾರೋ ಚೆನ್ನಾಗಿದೆ ಅಂದರೆಂದು ನೈಋತ್ಯದ ದೊರ್ದೋನ್ ನದಿಯ ಕಣಿವೆಗೆ ಒಂದು ಓಟ. ಎರಡೇ ದಿನದಲ್ಲಿ ಐದು ಊರು, ಮೂರು ಕೋಟೆ, ಎರಡು ತೋಟ. ಮನೆಗೆ ಬಂದ ಮೇಲೆ ಯಾವ ಫೋಟೋ ಯಾವ ಊರಿನದು ಎಂದು ಗಂಡ ಹೆಂಡತಿ ವಾದಕ್ಕೆ ಕೂತಿರಿ. ಇರಲಿ, ಮೊದಲ ಸಲ ಎಲ್ಲರೂ ಹೀಗೇ. ಆದರೆ ಈಗ ಸ್ನೇಹಿತರನ್ನೂ ಕರೆದುಕೊಂಡು ಅದೇ ಕಣಿವೆಗೆ ಮತ್ತೆ ಹೊರಟಿದ್ದೀರಿ. ಈ ಸಲವೂ ಹಾಗೇ ಓಡುತ್ತೀರಿ ಅಂದರೆ ನಾನು ಸುಮ್ಮನಿರುವವಳಲ್ಲ.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರೆ. ದಿನಕ್ಕೊಂದು ಹೋಟೆಲು ಬದಲಿಸುವ ಯೋಚನೆ ಬಿಡಿ. ಪೆರಿಗೋರ್ ಎಂಬ ಹಳೆಯ ಹೆಸರಿನ ಈ ಸೀಮೆಯಲ್ಲಿ ಸಾರ್ಲಾ ಪಟ್ಟಣದ ಆಸುಪಾಸಿನಲ್ಲಿ ಒಂದು ವಾರಕ್ಕೆ ಒಂದೇ ಮನೆ ಹಿಡಿಯಿರಿ. ದೊಮ್, ಬೇನಾಕ್, ಕ್ಯಾಸ್ಟೆಲ್ನೋ, ಲಾ ರೋಕ್-ಗಜಾಕ್ ಎಲ್ಲವೂ ಅಲ್ಲಿಂದ ಸುಮಾರು 15 ಕಿ.ಮೀ. ಒಳಗೇ ಇವೆ. ಝೀತ್ ಎಂದು ಕರೆಯುವ ಬಾಡಿಗೆ ಮನೆಗಳು ಹಳ್ಳಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಹೆಚ್ಚಿನವರು ಶನಿವಾರದಿಂದ ಶನಿವಾರಕ್ಕೇ ಕೊಡುವುದು, ಮಧ್ಯೆ ಎರಡು ದಿನ ಕೊಡಿ ಅಂದರೆ ಕೊಡುವುದಿಲ್ಲ. ಹಾಸಿಗೆಯ ಹೊದಿಕೆ, ಟವೆಲು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ, ಬಿಡುವಾಗ ಮನೆ ಗುಡಿಸಿ ಒರೆಸುವವರು ಯಾರು, ಇವೆರಡನ್ನು ಮುಂಗಡ ಕೊಡುವ ಮೊದಲೇ ಕೇಳಿ. ಇನ್ನೊಂದು ವಿಷಯ. ಅಲ್ಲಿನ ಎಲ್ಲ ಮನೆಗಳಲ್ಲೂ ಹೊಗೆ ಕಂಡರೆ ಕೂಗುವ ಯಂತ್ರ ಕಾನೂನಿನ ಪ್ರಕಾರ ಇರಲೇಬೇಕು. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಘಾಟಿಗೆ ಆ ಯಂತ್ರ ಅರಚಿಕೊಂಡು ಅಕ್ಕಪಕ್ಕದ ಮುದುಕರು ಗಾಬರಿಯಿಂದ ಎದ್ದು ಬರುವುದು ಬೇಡ.

ಈಗ ನಿಮಗೇ ಸೇರಬೇಕಾದ ಬೈಗುಳಕ್ಕೆ ಬರುತ್ತೇನೆ. ಗುಂಪಿನಲ್ಲಿ ಊರು ಒಮ್ಮೆ ನೋಡಿದವರು ಇಬ್ಬರು, ನೋಡದವರು ನಾಲ್ವರು ಇದ್ದರೆ, ನೋಡಿದ ಇಬ್ಬರಿಗೆ ಬಾಯಿ ನಿಲ್ಲುವುದಿಲ್ಲ. 'ಈ ತಿರುವು ದಾಟಿದ ಮೇಲೆ ನೋಡಿ ಏನು ಕಾಣುತ್ತೆ ಅಂತ', 'ಹೋದ ಸಲ ನಾವು ಬಂದಾಗ ಇಷ್ಟು ಜನ ಇರಲಿಲ್ಲ', 'ಹೋದ ಸಲ ಹೂವು ಇನ್ನೂ ಚೆನ್ನಾಗಿತ್ತು'. ಪಾಪ, ಹೊಸಬರು ಕಣ್ಣು ಬಿಡುವ ಮೊದಲೇ ನೀವು ಅವರ ನೋಟವನ್ನು ನೋಡಿ ಮುಗಿಸಿರುತ್ತೀರಿ. ಅವರೂ ನಿಮ್ಮಷ್ಟೇ ದುಡ್ಡು ಕೊಟ್ಟು ಬಂದವರು, ನಿಮ್ಮ ಹಳೆಯ ಪ್ರವಾಸದ ವರದಿ ಕೇಳಲು ಬಂದವರಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಶಾಲೆಯ ಗೋಡೆಯ ಮೇಲೆ ಓದಿದ್ದನ್ನು ಇಲ್ಲಿ ಪಾಲಿಸಿ. ಕೇಳಿದರೆ ಹೇಳಿ, ಕೇಳದಿದ್ದರೆ ಹಿಂದೆ ನಡೆಯಿರಿ.

ದೊಮ್ ಊರಿನಲ್ಲಿ ಇದನ್ನು ಮಾಡಿ ನೋಡಿ. ಫ್ರಾನ್ಸಿನ ದೊರೆ ಮೂರನೇ ಫಿಲಿಪ್ 1281ರಲ್ಲಿ ಕಟ್ಟಿಸಲು ತೊಡಗಿದ ಕೋಟೆಯೂರು ಅದು. ಜೇನು ಬಣ್ಣದ ಕಲ್ಲಿನ ಮನೆಗಳ ನಡುವೆ ಏರುತ್ತಾ ಹೋದರೆ ಊರು ಇದ್ದಕ್ಕಿದ್ದಂತೆ ಮುಗಿದು, ಬಂಡೆಯ ಅಂಚಿನಲ್ಲಿ ಒಂದು ಬಯಲು ಬರುತ್ತದೆ. ಕೆಳಗೆ ನದಿ, ಗದ್ದೆ, ಆಕ್ರೋಟಿನ ತೋಪು. ಆ ಕೊನೆಯ ಐವತ್ತು ಹೆಜ್ಜೆ ಹೊಸಬರನ್ನು ಮುಂದೆ ಬಿಟ್ಟು ನೀವು ಹಿಂದುಳಿಯಿರಿ. ಅವರು ನೋಡಿದ ಮೇಲೆ ಬೇಕಿದ್ದರೆ ಕಥೆ ಹೇಳಿ, ಕಥೆಯಂತೂ ಒಳ್ಳೆಯದೇ ಇದೆ. ಈ ಕಡೆಯಿಂದ ಯಾರೂ ಹತ್ತಲಾರರು ಎಂದು ಊರಿನವರು ಬಂಡೆಯನ್ನೇ ನಂಬಿ ಕೂತಿದ್ದರು. ಫ್ರಾನ್ಸಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ನಡೆದ ಧರ್ಮಯುದ್ಧಗಳ ಕಾಲದಲ್ಲಿ, 1588ರ ಒಂದು ರಾತ್ರಿ, ಜೋಫ್ರುವಾ ದ ವಿವಾಂ ಎಂಬ ಪ್ರೊಟೆಸ್ಟಂಟ್ ದಳಪತಿ ಬೆರಳೆಣಿಕೆಯ ಜನರ ಜೊತೆ ಅದೇ ಬಂಡೆ ಹತ್ತಿ ಬಂದು ಊರನ್ನು ಹಿಡಿದುಬಿಟ್ಟ. ಅವನು ಹತ್ತಿದ ಅಂತ ನೀವು ಕಟಾಂಜನ ದಾಟಿ ಸೆಲ್ಫಿ ತೆಗೆಯಲು ಹೋಗಬೇಡಿ. ಊರ ಪೂರ್ವ ದಿಕ್ಕಿನಲ್ಲಿ ಗೋಪುರಗಳ ಬಾಗಿಲೊಂದಿದೆ. 1307ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಥದವರನ್ನು ದೇಶದಾದ್ಯಂತ ಬಂಧಿಸಿದಾಗ ಕೆಲವರನ್ನು ಇಲ್ಲಿ ಸೆರೆಯಿಟ್ಟಿದ್ದರು, ಅವರು ಗೋಡೆಯ ಮೇಲೆ ಕೊರೆದ ಶಿಲುಬೆಗಳು ಇವತ್ತಿಗೂ ಇವೆ. ಮೊದಲ ಸಲ ಐಸ್‌ಕ್ರೀಮ್ ಅಂಗಡಿಯ ಸಾಲಿನಲ್ಲಿ ನಿಂತು ಇದನ್ನು ಬಿಟ್ಟು ಬಂದಿರುತ್ತೀರಿ. ಈ ಸಲ ಊರಿನ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ, ಗೈಡ್ ಜೊತೆಗೇ ನೋಡಿ.

ದೂರದ ಬೆಟ್ಟ ನುಣ್ಣಗೆ. ನದಿಯ ದಂಡೆಯಿಂದ ನೋಡಿದರೆ ಬೇನಾಕ್ ಕೋಟೆ ಇಲ್ಲೇ ಇದೆ ಅನ್ನಿಸುತ್ತದೆ. ಹತ್ತಲು ಹೊರಟ ಮೇಲೆ ಗೊತ್ತಾಗುತ್ತದೆ ಕಲ್ಲು ಹಾಸಿದ ಓಣಿ ಎಷ್ಟು ಕಡಿದು ಎಂದು. ಹೊಸ ಶೂ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ಹಿಡಿತ ಇರುವ ಹಳೆಯ ಶೂ ಹಾಕಿಕೊಳ್ಳಿ. ಶತಮಾನಗಳಿಂದ ಜನ ತುಳಿದು ನಯವಾದ ಸುಣ್ಣಕಲ್ಲು, ನಾಲ್ಕು ಹನಿ ಮಳೆ ಬಿದ್ದರೂ ಜಾರುತ್ತದೆ. ಗುಂಪಿನಲ್ಲಿ ಮಂಡಿನೋವಿನವರಿದ್ದರೆ ಕಾರನ್ನು ಮೇಲೆ ಕೋಟೆಯ ಹತ್ತಿರದ ನಿಲ್ದಾಣದ ತನಕ ಒಯ್ಯಿರಿ, ಅದಕ್ಕೆ ನಾಚಿಕೆ ಯಾಕೆ? ಐದು ಬೆರಳೂ ಒಂದೇ ಸಮ ಇರುವುದಿಲ್ಲ. ಹತ್ತುವವರು ಹತ್ತಲಿ, ಕೂರುವವರು ಕೆಳಗೆ ಕಾಫಿ ಹಿಡಿದು ಕೂರಲಿ. ಎಲ್ಲಿ, ಎಷ್ಟು ಗಂಟೆಗೆ ಮತ್ತೆ ಸೇರುವುದು ಎಂದು ಮೊದಲೇ ಹೇಳಿಕೊಂಡರೆ ಸಾಕು. 'ಎಲ್ಲರೂ ಒಟ್ಟಿಗೇ ಹೋಗಬೇಕು' ಎನ್ನುವ ಹಟದಿಂದ ಕೆಟ್ಟ ಸ್ನೇಹಗಳು ಜಾಸ್ತಿ. ಅಂದಹಾಗೆ, ಬೇನಾಕ್‌ನ ಎದುರು ದಂಡೆಯಲ್ಲಿ ಕಾಣುವ ಕ್ಯಾಸ್ಟೆಲ್ನೋ ಕೋಟೆ ನೂರು ವರ್ಷದ ಯುದ್ಧದಲ್ಲಿ ಬಹುಕಾಲ ಇಂಗ್ಲಿಷರ ಕಡೆ, ಬೇನಾಕ್ ಫ್ರೆಂಚರ ಕಡೆ. ನಡುವೆ ಇದ್ದದ್ದು ಇದೇ ನದಿ. ಈ ಊರುಗಳು ಗುಡ್ಡದ ನೆತ್ತಿಗೆ ಯಾಕೆ ಹತ್ತಿ ಕೂತವು ಎಂದು ಕೇಳುವವರಿಗೆ ಉತ್ತರ ಅಲ್ಲೇ ಎದುರಿಗಿದೆ.

ಇನ್ನು ತೋಟ. ಎರಡನೇ ಭೇಟಿಯ ಸಾರವೆಲ್ಲ ಇರುವುದು ಇಲ್ಲೇ, ಅದಕ್ಕೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಕೋಟೆ ಹೋದ ಸಲ ಹೇಗಿತ್ತೋ ಈ ಸಲವೂ ಹಾಗೇ ಇರುತ್ತದೆ, ತೋಟ ಹಾಗಲ್ಲ. ವೇಝಾಕ್ ಊರಿನ ಬಂಡೆಯ ಮೇಲೆ ಮಾರ್ಕೆಸಾಕ್ ತೋಟವಿದೆ. 22 ಹೆಕ್ಟೇರು ಜಾಗ, ಆರು ಕಿಲೋಮೀಟರಿಗೂ ಹೆಚ್ಚು ಕಾಲುದಾರಿ, ಕೈಯಿಂದಲೇ ಕತ್ತರಿಸಿ ರೂಪ ಕೊಟ್ಟ 1,50,000 ಬಾಕ್ಸ್‌ವುಡ್ ಗಿಡಗಳು. ಬಂಗಲೆಯ ಮುಂದಿನ ಆ ಗುಂಡು ಗುಂಡು ಪೊದೆಗಳು ಬೆಳಗಿನ ಬೆಳಕಿನಲ್ಲಿ ಒತ್ತಾಗಿ ಮಲಗಿದ ಕುರಿಮಂದೆಯ ಹಾಗೆ ಕಾಣುತ್ತವೆ. 1861ರಲ್ಲಿ ಆಸ್ತಿ ಕೈಗೆ ಬಂದ ಜೂಲಿಯಾಂ ದ ಸೆರ್ವಾಲ್ ಎಂಬಾತ ತನ್ನ ಮಿಕ್ಕ ಆಯಸ್ಸನ್ನೆಲ್ಲ ಇದಕ್ಕೇ ಸುರಿದ. ಇಟಲಿಯ ತೋಟಗಳ ಹುಚ್ಚು ಅವನಿಗೆ. ಅವನ ನಂತರ ತೋಟ ಕಾಡು ಬಿತ್ತು, 1996ರಲ್ಲಿ ಮತ್ತೆ ಕೈಹಚ್ಚಿ ಮರುವರ್ಷ ಜನರಿಗೆ ತೆರೆದರು. ತುದಿಯ ನೋಟದ ಕಟ್ಟೆ ಕಣಿವೆಯಿಂದ 130 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತರೆ ನೀವು ಕಾರಿನಲ್ಲಿ ಸುತ್ತಿ ಸುತ್ತಿ ನೋಡಬೇಕೆಂದಿದ್ದ ಲಾ ರೋಕ್-ಗಜಾಕ್, ದೊಮ್ ಎಲ್ಲ ಕೂತಲ್ಲೇ ಕಾಣುತ್ತವೆ. ಹಾಗಾಗಿ ಇದನ್ನು ಕೊನೆಯ ದಿನಕ್ಕೆ ಇಡಬೇಡಿ, ಮೊದಲ ದಿನವೇ ಹೋಗಿ. ಕಣಿವೆಯ ನಕಾಶೆ ಎಲ್ಲರ ತಲೆಯಲ್ಲಿ ಕೂತರೆ ಮುಂದಿನ ದಿನಗಳಲ್ಲಿ 'ಈಗೆಲ್ಲಿದ್ದೇವೆ' ಎನ್ನುವ ಪ್ರಶ್ನೆ ಇರುವುದಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪೂರ್ವ ಏಷ್ಯಾದಿಂದ ಈ ಶತಮಾನದಲ್ಲಿ ಯುರೋಪಿಗೆ ಬಂದು ಸೇರಿದ ಒಂದು ಪತಂಗದ ಹುಳು ಫ್ರಾನ್ಸಿನ ಉದ್ದಗಲಕ್ಕೂ ಬಾಕ್ಸ್‌ವುಡ್ ಗಿಡಗಳನ್ನು ತಿಂದು ಬರಿಕಡ್ಡಿ ಮಾಡಿದೆ. ತೋಟಗಾರರು ಬಲೆ ಇಟ್ಟು, ಔಷಧಿ ಹೊಡೆದು ಕಾವಲು ಕಾಯುತ್ತಾರೆ. ಹೀಗಿರುವಾಗ ನೀವು ಹೋಗಿ 'ಹೋದ ಸಲ ಇಲ್ಲಿ ಇನ್ನೂ ಹಸಿರಾಗಿತ್ತಲ್ಲ' ಎಂದು ಮೂಗು ಮುರಿಯಬೇಡಿ. ಪೊದೆಯ ಮೇಲೆ ಬ್ಯಾಗು ಇಡಬೇಡಿ, ಫೋಟೋಕ್ಕಾಗಿ ಮಧ್ಯೆ ನುಗ್ಗಬೇಡಿ. ಮತ್ತೆ, ನಿಮ್ಮಲ್ಲಿ ಕೆಲವರಿಗೆ ಕೈ ಸುಮ್ಮನಿರುವುದಿಲ್ಲ ಎಂಬುದೂ ನನಗೆ ಗೊತ್ತು. ಕದ್ದು ತಂದ ಕಡ್ಡಿ ಚೆನ್ನಾಗಿ ಹತ್ತುತ್ತದೆ ಎಂದು ಹೇಳಿಕೊಂಡು ರೋಸ್‌ಮರಿಯ ಒಂದು ತುಂಡು ಪರ್ಸಿಗೆ ಸೇರಿಸುವವರಿದ್ದಾರೆ. ಅದು ಇಲ್ಲಿ ಬೇಡ. ಅನುಮತಿ ಪತ್ರವಿಲ್ಲದೆ ಗಿಡ, ಕಡ್ಡಿ, ಬೀಜ ಭಾರತಕ್ಕೆ ತರುವಂತಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪರ್ಸು ಬಿಚ್ಚಿ ತೋರಿಸುವ ಗತಿ ಯಾಕೆ ತಂದುಕೊಳ್ಳುತ್ತೀರಿ?

ಹೋದ ಸಲ ಜುಲೈನಲ್ಲಿ ಹೋಗಿದ್ದರೆ ಈ ಸಲ ಮೇ ತಿಂಗಳಲ್ಲೋ ಸೆಪ್ಟೆಂಬರ್ ಕೊನೆಯಲ್ಲೋ ಹೋಗಿ. ಮಾರ್ಕೆಸಾಕ್‌ನಲ್ಲಿ ಸೆರ್ವಾಲ್ ನೆಡಿಸಿದ ಸೈಕ್ಲಮೆನ್ ಹೂ ಶರತ್ಕಾಲದಲ್ಲಿ ಮರಗಳ ಬುಡದಲ್ಲಿ ಅರಳುತ್ತದೆ, ಬೇಸಿಗೆಯವರಿಗೆ ಅದು ಸಿಗುವುದಿಲ್ಲ. ಜುಲೈ, ಆಗಸ್ಟ್‌ನ ಗುರುವಾರ ರಾತ್ರಿ ಅಲ್ಲಿ ದಾರಿಯುದ್ದಕ್ಕೂ ಮೊಂಬತ್ತಿ ಹಚ್ಚುತ್ತಾರೆ, ಚೆಂದವೇ. ಆದರೆ ಜನಜಂಗುಳಿ. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಜೂನ್ ಮೊದಲ ವಾರಾಂತ್ಯದಲ್ಲಿ ದೇಶದಾದ್ಯಂತ ಉದ್ಯಾನಗಳ ಹಬ್ಬ ನಡೆಯುತ್ತದೆ, ಸಾಮಾನ್ಯವಾಗಿ ಮುಚ್ಚಿರುವ ಖಾಸಗಿ ತೋಟಗಳೂ ಆಗ ತೆರೆಯುವುದುಂಟು. ಸೆಪ್ಟೆಂಬರ್ ಮೂರನೇ ವಾರಾಂತ್ಯ ಹಳೆಯ ಕಟ್ಟಡಗಳದ್ದು. ದಿನಾಂಕ ನೋಡಿ ಟಿಕೆಟ್ ಮಾಡಿಸಿ. ಇನ್ನೊಂದು ತೋಟ ನೋಡುವ ಉಮೇದಿದ್ದರೆ ಸಾರ್ಲಾದ ಈಶಾನ್ಯಕ್ಕಿರುವ ಎರಿನ್ಯಾಕ್‌ಗೆ ಹೋಗಿ, ಹಾರ್ನ್‌ಬೀಮ್ ಮರಗಳ ಬೇಲಿಯನ್ನು ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಓಣಿ ಅಲ್ಲಿದೆ. ಒಂದೇ ದಿನ ಎರಡು ತೋಟ ಮಾತ್ರ ಬೇಡ. ಲಾ ರೋಕ್-ಗಜಾಕ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬಂಡೆಯ ಕಾವಿಗೆ ಬಾಳೆ, ತಾಳೆಗಳೂ ಬೆಳೆಯುತ್ತವೆ. 'ಬಾಳೆಗಿಡ ನೋಡೋಕೆ ಫ್ರಾನ್ಸಿಗೆ ಬರಬೇಕಿತ್ತಾ' ಎಂದು ನಿಮ್ಮಲ್ಲೊಬ್ಬರು ಹೇಳಿಯೇ ಹೇಳುತ್ತಾರೆ, ಹೇಳಿ ನಗಲಿ. ಅದೇ ಬಂಡೆಯಿಂದ 1957ರಲ್ಲಿ ದೊಡ್ಡ ತುಂಡು ಕಳಚಿ ಬಿದ್ದು ಮೂವರು ಸತ್ತರು. ಬೇಲಿ ಹಾಕಿದ ಕಡೆ ಒಳಗೆ ಹೋಗಬೇಡಿ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ.

ಊರೆಂದರೆ ಸಿನಿಮಾ ಸೆಟ್ ಅಲ್ಲ, ಜನ ವಾಸ ಮಾಡುವ ಜಾಗ. ಕೊಲೋಂಜ್-ಲಾ-ರೂಜ್ ಎಂಬ ಕೆಂಪುಕಲ್ಲಿನ ಊರಿನ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಫ್ರಾನ್ಸಿನ ಅತಿ ಸುಂದರ ಹಳ್ಳಿಗಳ ಸಂಘ ಕಟ್ಟಿದರು. ದೊಮ್, ಬೇನಾಕ್ ಎಲ್ಲ ಅದರಲ್ಲಿವೆ. ಸೇರಬೇಕಾದರೆ ಜನಸಂಖ್ಯೆ 2,000 ಮೀರಬಾರದು. ಅಷ್ಟು ಚಿಕ್ಕ ಊರಿನಲ್ಲಿ ನಿಮ್ಮ ಆರು ಜನರ ಗದ್ದಲ ಊರಿಗೆಲ್ಲ ಕೇಳುತ್ತದೆ. ಚರ್ಚಿನ ಮುಂದೆ ಸ್ಪೀಕರ್ ಹಾಕಿಕೊಂಡು ಮೊಮ್ಮಗುವಿನ ಜೊತೆ ವಿಡಿಯೋ ಕಾಲ್ ಬೇಡ. ಯಾರದೋ ಮನೆಯ ಮೆಟ್ಟಿಲಿನ ಮೇಲೆ, ಅವರ ಹೂಕುಂಡ ಪಕ್ಕಕ್ಕೆ ಸರಿಸಿ, ಫೋಟೋಗೆ ಕೂರಬೇಡಿ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ 'ಬೋಂಜೂರ್' ಎನ್ನಿ, ಬೆಲೆ ಕೇಳುವುದು ಆಮೇಲೆ. ಅದನ್ನು ಹೇಳದೆ ನೇರ ಇಂಗ್ಲಿಷಿನಲ್ಲಿ ಶುರುಮಾಡಿ, ಆಮೇಲೆ ಫ್ರೆಂಚರು ಬಿಗುಮಾನದವರು ಎಂದು ದೂರುತ್ತೀರಿ. ಸಂತೆಯಲ್ಲಿ ಹಣ್ಣು ಒತ್ತಿ ನೋಡುವುದು ನಮ್ಮ ಚಾಳಿ. ಅಲ್ಲಿ ಮಾರುವವರೇ ಆರಿಸಿ ಕೊಡುತ್ತಾರೆ, ಇವತ್ತಿಗೋ ನಾಳೆಗೋ ಎಂದು ಕೇಳಿ ಹದವಾದದ್ದನ್ನೇ ಕೊಡುತ್ತಾರೆ. ಸಾರ್ಲಾದ ದೊಡ್ಡ ಸಂತೆ ಬುಧವಾರ ಮತ್ತು ಶನಿವಾರ. ಬ್ರೆಡ್ಡನ್ನು ಹೆದ್ದಾರಿಯ ಸೂಪರ್ ಮಾರ್ಕೆಟ್ಟಿನಲ್ಲಿ ತರದೆ ಹಳ್ಳಿಯ ಬೇಕರಿಯಲ್ಲೇ ಕೊಳ್ಳಿ. ಕೊಳ್ಳುವವರಿದ್ದರೆ ತಾನೇ ಆ ಬಾಗಿಲು ನಾಳೆಯೂ ತೆರೆಯುವುದು?

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಕಿವಿಗೊಟ್ಟು ಕೇಳಿ. ಇದು ಬಾತುಕೋಳಿಯ ಸೀಮೆ. ತಟ್ಟೆಯಲ್ಲಿ ಬಂಗಾರದ ಬಣ್ಣಕ್ಕೆ ಹುರಿದ ಆಲೂಗಡ್ಡೆ, ಮೇಲೆ ಬೆಳ್ಳುಳ್ಳಿ, ಕೊತ್ತಂಬರಿಯಂಥದೇ ಸೊಪ್ಪು ಕಂಡು 'ಅಬ್ಬ, ಆಲೂಗಡ್ಡೆ ಆದರೂ ಸಿಕ್ಕಿತು' ಎಂದು ಬಾಯಿಗೆ ಹಾಕಿಕೊಳ್ಳುತ್ತೀರಿ. ಸಾರ್ಲಾದ ಹೆಸರಿನ ಆ ಆಲೂಗಡ್ಡೆಯನ್ನು ಹುರಿಯುವುದೇ ಬಾತುಕೋಳಿಯ ಕೊಬ್ಬಿನಲ್ಲಿ. ತೂರಾಂ ಎಂಬ ಬೆಳ್ಳುಳ್ಳಿ ಸೂಪಿಗೂ ಸಾಮಾನ್ಯವಾಗಿ ಅದೇ ಕೊಬ್ಬು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರಲ್ಲ, ಇಲ್ಲಿ ಊಟ ಕೇಳಬಲ್ಲವನಿಗೆ ಪಶ್ಚಾತ್ತಾಪವಿಲ್ಲ. ಮಾಂಸ ಬೇಡ, ಮೀನು ಬೇಡ, ಕೊಬ್ಬೂ ಬೇಡ ಎಂದು ಮೂರನ್ನೂ ಫ್ರೆಂಚಿನಲ್ಲಿ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಆಕ್ರೋಟು, ಆಕ್ರೋಟಿನ ಎಣ್ಣೆ ಹಾಕಿದ ಸಲಾಡು, ಕಬೆಕೂ ಎಂಬ ಪುಟ್ಟ ಆಡಿನ ಚೀಸು, ಪೆರಿಗೋರಿನ ಸ್ಟ್ರಾಬೆರಿ ಇಷ್ಟಿದ್ದರೆ ಉಪವಾಸವೇನೂ ಬೀಳುವುದಿಲ್ಲ. ಆದರೆ ಹಳೆಯ ಕ್ರಮದ ಚೀಸುಗಳಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವಿನಿಂದ. ಅಷ್ಟು ಕಟ್ಟುನಿಟ್ಟಿನವರಾದರೆ ಅದನ್ನೂ ಕೇಳಿಕೊಳ್ಳಿ. ಮಧ್ಯಾಹ್ನದ ಊಟ 12ರಿಂದ 2 ಗಂಟೆ, ಅಷ್ಟೇ. ಎರಡೂವರೆಗೆ ಹೋಗಿ ಕೂತರೆ ಅಡುಗೆಮನೆ ಮುಚ್ಚಿರುತ್ತದೆ. ಆರು ಜನರಾದರೆ ಮೇಜು ಮೊದಲೇ ಕಾದಿರಿಸಿ. ನೀರಿಗೆ ದುಡ್ಡು ಕೊಡಬೇಡಿ, 'ಕರಾಫ್ ದೋ' ಎಂದು ಕೇಳಿದರೆ ಹೂಜಿಯಲ್ಲಿ ಪುಕ್ಕಟೆ ತಂದಿಡುತ್ತಾರೆ.

ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ ಇರಲಿ. ತುಪ್ಪ, ಖೋವಾದ ಸಿಹಿ, ಹಸಿ ಕರಿಬೇವು ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಹಸಿ ಎಲೆಗೆ ಪ್ರಮಾಣಪತ್ರ ಬೇಕು.

ಕಾರಿಲ್ಲದೆ ಈ ಕಣಿವೆಯಲ್ಲಿ ಕಷ್ಟ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಊರಿನಲ್ಲೇ ಮಾಡಿಸಿಕೊಂಡು ಹೋಗಿ. ಗೇರು ಹಾಕುವ ಕಾರುಗಳೇ ಅಲ್ಲಿ ಹೆಚ್ಚು, ಆಟೋಮ್ಯಾಟಿಕ್ ಬೇಕಾದರೆ ಬಹಳ ಮುಂಚೆ ಹೇಳಿ. ಬಲಗಡೆ ಓಡಿಸುವುದು ಹೇಗೋ ರೂಢಿಯಾಗುತ್ತದೆ, ನಮ್ಮವರನ್ನು ಕೆಡಿಸುವುದು ಬೇರೆ ಎರಡು ನಿಯಮ. ಹಳ್ಳಿಯೊಳಗೆ ಬೇರೆ ಫಲಕ ಇಲ್ಲದ ಕಡೆ ಬಲಗಡೆಯ ಪುಟ್ಟ ಓಣಿಯಿಂದ ಬರುವವರಿಗೇ ಮೊದಲ ಹಕ್ಕು. ಊರಿನ ಹೆಸರಿನ ಫಲಕ ಕಂಡಿತೆಂದರೆ ಅಲ್ಲಿಂದ ವೇಗ 50ಕ್ಕೆ ಇಳಿಯಬೇಕು, ಅದಕ್ಕೆ ಬೇರೆ ಫಲಕ ಹಾಕುವುದಿಲ್ಲ. ಬೆರ್ಜೆರಾಕ್ ವೈನಿನ ರುಚಿ ನೋಡುವವರು ನೋಡಲಿ, ಸ್ಟಿಯರಿಂಗ್ ಹಿಡಿದವರು ನಿಂಬೆ ಶರಬತ್ತು ಕುಡಿಯಲಿ. ಒಬ್ಬರೇ ವಾರವಿಡೀ ಓಡಿಸಿ ಸುಸ್ತಾಗುವುದು ಬೇಡ, ಕಾರು ಬಾಡಿಗೆಗೆ ಹಿಡಿಯುವಾಗಲೇ ಇಬ್ಬರ ಹೆಸರು ಕೊಡಿ.

ಮಿಲಾಂದ್ ಬಂಗಲೆಗೆ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಹುಟ್ಟಿ ಫ್ರಾನ್ಸನ್ನು ತನ್ನದಾಗಿಸಿಕೊಂಡ ನರ್ತಕಿ, ಯುದ್ಧಕಾಲದ ಗೂಢಚಾರಿಣಿ ಜೋಸೆಫೀನ್ ಬೇಕರ್ 1947ರಲ್ಲಿ ಇದನ್ನು ಕೊಂಡು, ಬೇರೆ ಬೇರೆ ದೇಶಗಳ 12 ಮಕ್ಕಳನ್ನು ದತ್ತು ತೆಗೆದುಕೊಂಡು ಇಲ್ಲಿ ಸಾಕಿದಳು. ಸಾಲ ಬೆಳೆದು ಬಂಗಲೆ ಹರಾಜಾಯಿತು, 1969ರಲ್ಲಿ ಅವಳನ್ನು ಹೊರಗೆ ಹಾಕಿದರು. ಅಡುಗೆಮನೆಯ ಮೆಟ್ಟಿಲ ಮೇಲೆ ನಿಲುವಂಗಿಯಲ್ಲಿ ಕೂತ ಅವಳ ಫೋಟೋ ಪ್ರಸಿದ್ಧ. 2021ರಲ್ಲಿ, ದೇಶದ ಮಹನೀಯರ ಸಮಾಧಿ ಭವನವಾದ ಪ್ಯಾರಿಸಿನ ಪಾಂಥೆಯೋನ್‌ನಲ್ಲಿ ಅವಳಿಗೆ ಸ್ಥಾನ ಕೊಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರಿಗೂ ಹೇಳುವ ನನಗೆ ಆ ತಾಯಿಗೆ ಮಾತ್ರ ಅದನ್ನು ಹೇಳಲು ಮನಸ್ಸು ಬರುವುದಿಲ್ಲ. ಬಂಗಲೆಯ ಒಳಗೆ ಅವಳ ಉಡುಪುಗಳನ್ನು ನೋಡಿದ ಮೇಲೆ ಹೊರಗಿನ ತೋಟದಲ್ಲಿ ಸ್ವಲ್ಪ ಹೊತ್ತು ಕೂರಿ, ಓಡಬೇಡಿ.

ನಿಮಗೆ ಆ ಹಾಸಿಗೆಯ ಗಾದೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಮನೆ, ಕಾರು, ಪೆಟ್ರೋಲು, ಟಿಕೆಟ್ಟು ಎಂದು ಒಬ್ಬರ ಕಾರ್ಡಿನಲ್ಲೇ ಎಲ್ಲ ಹೋಗುತ್ತದೆ, ಆಮೇಲೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ದಿನ ರಾತ್ರಿ ಊಟದ ಮೇಜಿನ ಮೇಲೆ ಐದು ನಿಮಿಷ ಕೂತು ಬರೆದಿಡಿ. ಮಾಂಸ, ವೈನು ಮುಟ್ಟದವರ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ, ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಫ್ರಾನ್ಸ್ ಬಿಡುವ ಮೊದಲೇ ಕೊಡುವುದು ತೆಗೆದುಕೊಳ್ಳುವುದು ಚುಕ್ತಾ ಮಾಡಿ. 'ಊರಿಗೆ ಹೋದ ಮೇಲೆ ನೋಡೋಣ' ಅಂದಿರೋ, ಮೂರನೇ ಪ್ರವಾಸಕ್ಕೆ ನಿಮ್ಮ ಜೊತೆ ಯಾರೂ ಬರುವುದಿಲ್ಲ.